ಹಿಟ್ಟಿನ ಕೋಳಿಯ ಪಾಪ

ಆಯುಧಪೂಜೆಯ ಸಂಜೆ ಬೆಂಗಳೂರಿನ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಓಡಾಡಿದರೆ ಕಾಲಿಟ್ಟ ಕಡೆಯೆಲ್ಲ ಬೂದುಗುಂಬಳದ ಹೋಳು. ಲೇತ್ ಮಷೀನಿಗೆ ಅರಿಶಿನ ಕುಂಕುಮ, ಲಾರಿಯ ಗಾಲಿಯಡಿ ನಿಂಬೆಹಣ್ಣು, ಕೊನೆಗೆ ಗೇಟಿನ ಮುಂದೆ ಕುಂಬಳಕಾಯಿ. ಕಾಯಿಯ ನೆತ್ತಿ ಕೊರೆದು, ಕುಂಕುಮ ತುಂಬಿ, ಚಿಲ್ಲರೆ ಕಾಸು ಹಾಕಿ, ಮೇಲೆ ಕರ್ಪೂರ ಹಚ್ಚಿ ಮೂರು ಸುತ್ತು ನಿವಾಳಿಸಿ ನೆಲಕ್ಕಪ್ಪಳಿಸುತ್ತಾರೆ. ತಿರುಳು ಕೆಂಪಗೆ ಚೆಲ್ಲುತ್ತದೆ. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಗಳ ಮುಂದೆಯೂ ಇದೇ ನೋಟ. ಬಲಿಯ ಜಾಗದಲ್ಲಿ ಕೂತ ಕಾಯಿ ಇದು. ಆ ಕೆಂಪು ಯಾಕೆ ಬೇಕೆಂದು ಯಾರೂ ಕೇಳುವುದಿಲ್ಲ. ಪ್ರಾಣ ಹೋಗಲಿಲ್ಲ, ಆದ್ದರಿಂದ ಪಾಪವಿಲ್ಲ ಎಂಬುದು ನಮ್ಮ ಲೆಕ್ಕ.

ಈ ಲೆಕ್ಕ ತಪ್ಪು ಎಂದು ವಾದಿಸಲೆಂದೇ ಬರೆದಂತಿರುವ ಕಾವ್ಯ ಕನ್ನಡದಲ್ಲಿದೆ. ಹೊಯ್ಸಳ ವೀರಬಲ್ಲಾಳನ ಕಾಲದ ಜೈನ ಕವಿ ಜನ್ನ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'. ಕೆಡುಕು ಎಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಇಷ್ಟು ಖಚಿತವಾಗಿ ಬೆರಳಿಟ್ಟು ತೋರಿಸಿದ ಹಳಗನ್ನಡ ಕೃತಿ ಇನ್ನೊಂದನ್ನು ನಾನು ಕಾಣೆ. ಆದರೆ ಆ ಬೆರಳು ತೋರಿಸದೆ ಬಿಟ್ಟ ಜಾಗವೂ ಒಂದಿದೆ.

ಕತೆ ಗೊತ್ತಿರುವುದೇ. ರಾಣಿ ಅಮೃತಮತಿ ನಸುಕಿನಲ್ಲಿ ತೇಲಿಬಂದ ಹಾಡಿಗೆ ಸೋತು, ಕುರೂಪಿ ಮಾವುತ ಅಷ್ಟಾವಂಕನನ್ನು ಕೂಡುತ್ತಾಳೆ. ಗಂಡ ಯಶೋಧರ ಬೆನ್ನುಹತ್ತಿ ಹೋಗಿ ಕಣ್ಣಾರೆ ನೋಡುತ್ತಾನೆ. ಕತ್ತಿ ಹಿರಿದವನು ಕೊಲ್ಲದೆ ಮರಳುತ್ತಾನೆ. ಇಲ್ಲಿಯವರೆಗೆ ಅವನು ಗೆದ್ದವನು. ಜಾರುವುದು ಮರುದಿನ, ತಾಯಿಯ ಮುಂದೆ. ಕಂಡದ್ದನ್ನು ಹೇಳಲಾರದೆ, ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ಚಂದ್ರಮತಿ ನಂಬುತ್ತಾಳೆ, ದುಃಸ್ವಪ್ನಕ್ಕೆ ದೇವಿಗೆ ಬಲಿ ಕೊಡು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂಬ ರಾಜಿ. ಒಂದು ಸಣ್ಣ ಸುಳ್ಳು, ತಾಯಿಯ ಅಕ್ಕರೆ, ಮಗನ ದಾಕ್ಷಿಣ್ಯ. ಕೆಟ್ಟವರು ಯಾರೂ ಇಲ್ಲದ ಈ ಕೋಣೆಯೊಳಗೇ ಕೆಡುಕು ಹುಟ್ಟುತ್ತದೆ. ನನಗೆ ಕಾವ್ಯದ ಅತ್ಯುತ್ತಮ ಭಾಗ ಇದು, ಎಲ್ಲರೂ ಹೊಗಳುವ ಅಮೃತಮತಿಯ ಇರುಳಲ್ಲ. ಆಮೇಲೆ ಚೆಂದಗೆ ಬಣ್ಣ ಬಳಿದ ಆ ಕೋಳಿಯೊಳಗೆ ಬೆಂತರವೊಂದು ಹೊಕ್ಕು, ಕತ್ತಿ ಬಿದ್ದಾಗ ಕೂಗುತ್ತದೆ.

ಆ ಕೂಗನ್ನು ಮನೋವಿಜ್ಞಾನದ ಪ್ರಯೋಗಶಾಲೆಯೂ ಕೇಳಿಸಿಕೊಂಡಿದೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಒಂದು ಯಂತ್ರ ಇಟ್ಟ. ಪಕ್ಕದ ಕೋಣೆಯವನು ಉತ್ತರ ತಪ್ಪಿದಾಗಲೆಲ್ಲ ಹದಿನೈದು ಹದಿನೈದು ವೋಲ್ಟ್ ಏರಿಸುತ್ತ ಶಾಕ್ ಕೊಡಬೇಕು. ಶಾಕ್ ಹುಸಿ, ಒಳಗಿದ್ದವನದು ನಟನೆ. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಜನರ ಪೈಕಿ 26 ಮಂದಿ, ಬೆವರುತ್ತ ನಡುಗುತ್ತ, 450 ವೋಲ್ಟ್‌ವರೆಗೂ ಒತ್ತಿದರು. ಯಾರಿಗೂ ಪೆಟ್ಟಾಗಲಿಲ್ಲ, ಹಾಗೆಂದು ಅವರು ಏನೂ ಮಾಡಲಿಲ್ಲ ಎನ್ನಲಾದೀತೆ? ಜನ್ನನ ಪರೀಕ್ಷೆ ಇದಕ್ಕಿಂತ ಕಠಿಣ. ಆ ಜನರಿಗೆ ಶಾಕ್ ಹುಸಿಯೆಂದು ತಿಳಿಸಿರಲಿಲ್ಲ. ಯಶೋಧರನಿಗೆ ಅದು ಹಿಟ್ಟೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಜೀವವೆಂದೇ ಭಾವಿಸಿ ಕತ್ತಿಯೆತ್ತಿದ. ಜೈನರು ಭಾವಹಿಂಸೆ ಎನ್ನುವುದು ಇದನ್ನೇ.

ಇಲ್ಲಿಂದ ಮುಂದೆ ಜನ್ನನ ತಕ್ಕಡಿ ವಾಲುತ್ತದೆ. ಅಮೃತಮತಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ನವಿಲು ನಾಯಿಗಳಾಗಿ, ಹಾವಾಗಿ, ಮೀನಾಗಿ, ಆಡುಗಳಾಗಿ ಜನ್ಮಜನ್ಮಾಂತರ ತೊಳಲುತ್ತಾರೆ. ನಾಯಿಯಾದ ತಾಯಿ ನವಿಲಾದ ಮಗನನ್ನೇ ಕಚ್ಚಿ ಕೊಲ್ಲುತ್ತಾಳೆ. ಒಂದು ಹಿಡಿ ಹಿಟ್ಟಿಗೆ ಇಷ್ಟು ದಂಡ ಅತಿಯಾಯಿತು ಎಂಬುದು ಓದುಗರ ಹಳೆಯ ಗೊಣಗಾಟ. ನನ್ನ ತಕರಾರು ಬೇರೆ. ಸಂಕಲ್ಪವನ್ನೇ ಪಾಪದ ಬೇರು ಮಾಡಿದರೆ, ಸಂಕಲ್ಪವೇ ಇಲ್ಲದ ಕೇಡಿಗೆ ಹೊಣೆ ಯಾರು?

ದೊಡ್ಡನೆಕ್ಕುಂದಿಯಲ್ಲಿ ಕೂತು ಓದುವವನಿಗೆ ಇದು ಒಣ ತರ್ಕವಲ್ಲ. ಇದೇ ಹೊರವರ್ತುಲ ರಸ್ತೆಯ ಆಚೆ ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬೀಳಲಿ ಎಂದು ಯಾರೂ ಬಯಸಿರಲಿಲ್ಲ. ಮನೆಮನೆಯ ಪಾತ್ರೆ ತೊಳೆದ ಸಾಬೂನು, ಶುದ್ಧಿಯಾಗದೆ ಹರಿದ ಚರಂಡಿ, ಸುರಿದ ಕಸ, ಸಹಿ ಹಾಕಿ ಮುಂದಕ್ಕೆ ತಳ್ಳಿದ ಕಡತ. ಲಕ್ಷಾಂತರ ಜನ, ಒಬ್ಬರ ಮನಸ್ಸಿನಲ್ಲೂ ಹಗೆಯಿಲ್ಲ. ಬೂದುಗುಂಬಳದ ಹೋಳಿನ ಮೇಲೆ ಬೈಕ್ ಜಾರಿ ಬಿದ್ದವನ ಮೊಣಕಾಲಿಗೂ ಯಾರ ಸಂಕಲ್ಪವೂ ಕಾರಣವಲ್ಲ. ಪೂಜೆ ಮಾಡಿದವರು ಒಳ್ಳೆಯದಾಗಲಿ ಎಂದೇ ಬೇಡಿಕೊಂಡಿದ್ದರು. ಯಹೂದಿಗಳ ನರಮೇಧದಲ್ಲಿ ಪಾಲುಗೊಂಡ ನಾಜಿ ಐಖ್‌ಮನ್‌ನ ವಿಚಾರಣೆಯ ಬಗ್ಗೆ 1963ರಲ್ಲಿ ಪುಸ್ತಕ ಬರೆದ ಹ್ಯಾನಾ ಅರೆಂಟ್ ಕಂಡದ್ದೂ ರಾಕ್ಷಸನನ್ನಲ್ಲ, ಯೋಚಿಸುವ ಗೋಜಿಗೇ ಹೋಗದ ಒಬ್ಬ ಅಧಿಕಾರಿಯನ್ನು. ಕೆರೆಯನ್ನು ಆ ನರಮೇಧದ ಪಕ್ಕದಲ್ಲಿಡುವುದು ಅತಿರೇಕ, ಒಪ್ಪುತ್ತೇನೆ. ಯೋಚಿಸದಿರುವ ಅಭ್ಯಾಸ ಮಾತ್ರ ಎರಡೂ ಕಡೆ ಕಾಣುತ್ತದೆ.

ಜೈನ ಚಿಂತನೆಗೆ ಇದು ಹೊಳೆಯದ ವಿಷಯವೇನಲ್ಲ. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಹಿಂಸೆಯನ್ನು ವಿವರಿಸುವಾಗ ಮುಂದಿಡುವುದು ಪ್ರಮಾದವನ್ನು, ಎಚ್ಚರಗೇಡಿತನವನ್ನು. ನೆಲ ನೋಡಿ ಹೆಜ್ಜೆಯಿಡುವ ಮುನಿಯ ನಡಿಗೆಯ ಹಿಂದಿರುವುದು ಇದೇ. ಜನ್ನನ ಕೈಯಳತೆಯಲ್ಲೇ ಇದ್ದ ವಿಚಾರ. ಗಿರೀಶ ಕಾರ್ನಾಡರು ಇದೇ ಕತೆಯನ್ನೆತ್ತಿಕೊಂಡು 'ಹಿಟ್ಟಿನ ಹುಂಜ' ಬರೆದಾಗಲೂ ಗಮನವೆಲ್ಲ ಹೋದದ್ದು ಗಂಡ, ಹೆಂಡತಿ, ತಾಯಿಯ ಒಳತೋಟಿಯ ಕಡೆಗೆ. ರಂಗದ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಪ್ರಶ್ನೆ ಮನೆಯ ನಾಲ್ಕು ಗೋಡೆಯೊಳಗೇ ಉಳಿಯುತ್ತದೆ.

ವಿಚಿತ್ರವೆಂದರೆ, ಈ ಪ್ರಶ್ನೆ ಜನ್ನನ ಕಾವ್ಯದೊಳಗೇ ಬಿದ್ದಿದೆ. ಕೊನೆಯ ಪ್ರಾಣಿಜನ್ಮದಲ್ಲಿ ತಾಯಿ ಮಗ ನಿಜವಾದ ಕೋಳಿಗಳಾಗಿ ಹುಟ್ಟುತ್ತಾರೆ. ಧರ್ಮೋಪದೇಶ ಕೇಳಿ ಸಂತೋಷದಿಂದ ಕೂಗುತ್ತಾರೆ. ಆ ಹೊತ್ತಿಗೆ ಯಶೋಧರನ ಮಗ ಯಶೋಮತಿ, ಮಡದಿ ಕುಸುಮಾವಳಿಗೆ ತನ್ನ ಶಬ್ದವೇಧಿ ವಿದ್ಯೆ ತೋರಿಸುವ ಉಮೇದಿನಲ್ಲಿ, ಕೂಗು ಬಂದ ದಿಕ್ಕಿಗೆ ಬಾಣ ಬಿಡುತ್ತಾನೆ. ಎರಡೂ ಸಾಯುತ್ತವೆ. ಕೊಂದದ್ದು ತಂದೆಯನ್ನು, ಅಜ್ಜಿಯನ್ನು. ಅವನಿಗೆ ತಿಳಿಯದು, ಹಗೆಯಿಲ್ಲ, ಕಣ್ಣೆತ್ತಿ ನೋಡಿಯೂ ಇಲ್ಲ. ಹಿಟ್ಟಿನ ಕೋಳಿಗಾಗಿ ಇಡೀ ಕಾವ್ಯವನ್ನೇ ಹೂಡಿದ ಕವಿ ಈ ಜೀವಂತ ಕೋಳಿಗಳನ್ನು ಅವಸರದಲ್ಲಿ ದಾಟಿ, ಅವು ಕುಸುಮಾವಳಿಯ ಬಸಿರು ಸೇರಿದ ಸುದ್ದಿಗೆ ಹೊರಟುಬಿಡುತ್ತಾನೆ. ಇನ್ನೂ ನಾಲ್ಕು ಕಂದ ಆ ಬಾಣದ ಬಳಿ ನಿಂತು ಬರೆದಿದ್ದರೆ ಜನ್ನ ನಮ್ಮ ಕಾಲದ ಕವಿಯೂ ಆಗುತ್ತಿದ್ದ.