ಕೊಡಲಿ ಕಾವು, ಗಾಲ್ಫ್ ಡ್ರೈವರ್

ನಮ್ಮ ಇಟಗಿಯಲ್ಲಿ ಗಾಲ್ಫ್ ಅಂದ್ರೆ ಟಿವಿ ಚಾನೆಲ್ ಬದಲಿಸುವಾಗ ಒಂದು ಗಳಿಗೆ ಕಂಡು ಹೋಗುವ ಹಸಿರು, ಅಷ್ಟೇ. ಅಕ್ಕನ ಮಗ ಬೆಂಗಳೂರಿಗೆ ಹೋಗಿ ಕ್ಯಾಡಿ ಆಗೋತನಕ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆರು ವರ್ಷ ಮಂದಿಯ ಚೀಲ ಹೊತ್ತ ಹುಡುಗ ಈಗ ತಾನೂ ಆಡ್ತಾನೆ, ವೃತ್ತಿಪರರ ಅರ್ಹತಾ ಸುತ್ತಿಗೆ ಹೋಗ್ತೀನಿ ಅಂತಾನೆ. ಹೋದ ವರ್ಷ ಶೇಂಗಾ ಮಾರಿದ ರೊಕ್ಕ ಕೈಗೆ ಬಂದ ವಾರವೇ ಅವನ ಫೋನು. "ಮಾಮಾ, ಡ್ರೈವರ್ ಫಿಟ್ಟಿಂಗ್ ಮಾಡಿಸ್ಬೇಕು. ಅಂಗಡ್ಯಾಗ ಮಷಿನ್ ಐತಿ, ಅಳತಿ ತಗೊಂಡು ಕೊಡ್ತಾರ." ಎಷ್ಟಪಾ ಅಂದೆ. ಅರ್ಧ ಲಕ್ಷದ ಆಜುಬಾಜು ಅಂದ. ಒಂದು ಕೋಲಿಗೆ!

ಡ್ರೈವರ್ ಅಂದ್ರೆ ಟೀ ಮೇಲಿಟ್ಟ ಚೆಂಡನ್ನು ಎಲ್ಲಕ್ಕಿಂತ ದೂರ ಕಳಿಸುವ ಕೋಲು. ಅದರ ತಲೆ 460 ಸಿಸಿಗಿಂತ ದೊಡ್ಡದಿರಬಾರದು, ಉದ್ದ 48 ಇಂಚು ಮೀರಬಾರದು ಅಂತ ನಿಯಮ ಇದೆ. 2022ರಿಂದ ದೊಡ್ಡ ಸ್ಪರ್ಧೆಗಳು ಬೇಕಾದರೆ ಈ ಉದ್ದವನ್ನು 46 ಇಂಚಿಗೆ ಇಳಿಸಬಹುದು. ಅಷ್ಟರೊಳಗೆ ತಲೆಯ ಓರೆ ಎಷ್ಟು, ಶಾಫ್ಟ್ ಎಷ್ಟು ಬಾಗಬೇಕು, ತೂಕ ಎಲ್ಲಿರಬೇಕು ಅನ್ನೋದನ್ನು ಆಡುವವನ ಮೈಗೆ ಹೊಂದಿಸೋದೇ ಫಿಟ್ಟಿಂಗ್.

ಇದನ್ನು ಕೇಳಿದಾಗ ನಾನು ನಗಲಿಲ್ಲ. ಯಾಕಂದ್ರೆ ನಮ್ಮೂರ ಬಡಿಗೇರ ಅಜ್ಜ ಕೊಡಲಿಗೆ ಕಾವು ಹಾಕೋದನ್ನ ನೋಡಿದವನು ನಾನು. ಅಪ್ಪನ ಕೈಗೆ ಜಾಲಿ ಕಟ್ಟಿಗೆ ಕೊಟ್ಟು "ಬೀಸು" ಅಂತಿದ್ದ. ಬೀಸಿದ್ದನ್ನು ನೋಡಿ ಬಾಚಿಯಿಂದ ಒಂದಿಷ್ಟು ಕೆತ್ತಿ ಮತ್ತೆ "ಬೀಸು" ಅಂತಿದ್ದ. ಅಪ್ಪನ ಕೊಡಲಿ ನನ್ನ ಕೈಗೆ ಬಂದರೆ ಮಣಿಕಟ್ಟು ನೋಯ್ತಿತ್ತು. ಆಳಿಗೆ ತಕ್ಕ ಆಯುಧ ಅನ್ನೋದು ಬೆಂಗಳೂರಿನ ಮಷಿನ್ ಕಂಡುಹಿಡಿದದ್ದಲ್ಲ. ಹಾಗಾಗಿ ನನ್ನ ತಕರಾರು ಫಿಟ್ಟಿಂಗ್ ಮೇಲಲ್ಲ, ಆವತ್ತು ಅಂಗಡಿಯಲ್ಲಿ ಅದನ್ನು ಮಾಡಿದ ರೀತಿಯ ಮೇಲೆ.

ರೊಕ್ಕ ಕೊಡೋ ಮುಂಚೆ ನೋಡೂಣು ಅಂತ ನಾನೂ ಹೋದೆ. ಎಸಿ ಕೋಣೆ, ಎದುರಿಗೆ ಪರದೆ, ಪಕ್ಕಕ್ಕೆ ಲಾಂಚ್ ಮಾನಿಟರ್. ಹುಡುಗ ಬಸ್ಸಿಳಿದು ಬಂದವನು, ತೋಳು ಸಡಿಲಾಗೋ ಮೊದಲೇ ಅವನ ಹಳೇ ಸೆಕೆಂಡ್‌ಹ್ಯಾಂಡ್ ಡ್ರೈವರಿನಿಂದ ಐದು ಚೆಂಡು ಹೊಡೆಸಿದರು. ಆಮೇಲೆ ಹೊಸ ತಲೆ, ಹೊಸ ಶಾಫ್ಟ್, ಮತ್ತೊಂದು, ಮಗದೊಂದು. ಇಪ್ಪತ್ತನೇ ಚೆಂಡಿನ ಹೊತ್ತಿಗೆ ಮೈ ಬೆಚ್ಚಗಾಗಿತ್ತು, ಚೆಂಡು ಪರದೆಗೆ ಪಟಾಕಿ ಸಿಡಿದಂಗ ಬಡೀತಿತ್ತು. ಅಂಗಡಿಯವರು ಚೀಟಿ ತೆಗೆದು, "ಸರ್, ಹದಿನಾಲ್ಕು ಗಜ ಜಾಸ್ತಿ" ಅಂದರು. ಚೀಟಿ ಇಸಗೊಂಡು ನೋಡಿದೆ. ಹಳೇ ಕೋಲಿನದು ಐದು ಹೊಡೆತದ ಸರಾಸರಿ. ಹೊಸದರದು ಒಂದೇ ಹೊಡೆತ, ಎಲ್ಲಕ್ಕಿಂತ ಚಲೋದು!

ಸಂತೆಯಲ್ಲಿ ಹೀಗೆ ತೂಗಿದರೆ ನಮ್ಮ ಹೆಣ್ಣುಮಕ್ಕಳು ತಕ್ಕಡಿ ಕಸಗೋತಿದ್ದರು.

ಇನ್ನೊಂದು. ಚೆಂಡು ತಲೆಯ ಯಾವ ಜಾಗಕ್ಕೆ ತಾಗ್ತದೆ ಅಂತ ಯಾರೂ ನೋಡಲಿಲ್ಲ. ಡ್ರೈವರಿನಲ್ಲಿ ಇದೇ ಮುಖ್ಯ. ಮುಖದ ಕೆಳಭಾಗಕ್ಕೆ ತಾಗಿದರೆ ಹಿಮ್ಮುಖ ತಿರುಗು, ಅಂದ್ರೆ ಸ್ಪಿನ್, ಏರ್ತದೆ. ಚೆಂಡು ಗಾಳಿಯಲ್ಲಿ ಮೇಲೇ ತೇಲಿ ಮುಂದೆ ಹೋಗೋದು ಕಡಿಮೆಯಾಗ್ತದೆ. ನಡುವಿಗಿಂತ ತುಸು ಮೇಲೆ ತಾಗಿದರೆ ಸ್ಪಿನ್ ಇಳೀತದೆ, ದೂರ ಸಿಗ್ತದೆ. ನೋಡೋಕೆ ಮಷಿನ್ನೂ ಬೇಡ, ಮುಖಕ್ಕೆ ಪೌಡರ್ ಬಳಿದರೆ ಸಾಕು, ಗುರುತು ಬೀಳ್ತದೆ. ಇನ್ನು ಶಾಫ್ಟ್ ಮೇಲೆ ಬರೆದ ರೆಗ್ಯುಲರ್, ಸ್ಟಿಫ್ ಅನ್ನೋ ಮಾತು. ಅದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆಯಿಲ್ಲ, ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್ ಆಗಬಹುದು. "ನಿಮ್ಮದು ಸ್ಟಿಫ್" ಅಂದಷ್ಟಕ್ಕೇ ಅಳತೆ ಮುಗೀತು ಅನ್ನೋದು, ಚಪ್ಪಲಿ ಅಂಗಡಿಯವ "ನಿಮ್ಮದು ದೊಡ್ಡ ಕಾಲು" ಅಂದಂಗೆ.

ದೂರದ ಹುಚ್ಚಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನವರೇ ಆದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಅಲ್ಲಿದ್ದವರಲ್ಲಿ ದೂರ ಹೊಡೆಯುವವರ ಸಾಲಿಗೆ ಸೇರಿದವರಲ್ಲ ಅವರು, ಆ ಹೊತ್ತಿಗೆ ಕೋವಿಡ್‌ನಿಂದ ಎದ್ದು ಬಂದಿದ್ದರು ಬೇರೆ. ಅವರನ್ನು ಅಲ್ಲಿತನಕ ಒಯ್ದದ್ದು ಹೆಚ್ಚಾಗಿ ಪಟ್ಟರ್. ಬೆಂಗಳೂರಿನಲ್ಲೇ ಕ್ಯಾಡಿಯಾಗಿ ಶುರುಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ನಮ್ಮ ಹುಡುಗನಿಗೆ ಬಾಯಿಪಾಠ. ಹಾಗಂತ ಎಂಥ ಕೋಲಾದರೂ ನಡೀತದೆ ಅಂತ ನಾನು ಹೇಳಲ್ಲ. ಕ್ಯಾಡಿ ಹುಡುಗರು ಎತ್ತರದ ಸಾಹೇಬರು ಬಿಟ್ಟುಕೊಟ್ಟ ಕೋಲಿನಲ್ಲೇ ಕಲೀತಾರೆ, ಆ ಕೋಲಿಗೆ ತಕ್ಕಂಗ ತಮ್ಮ ಬೆನ್ನು ಬಗ್ಗಿಸಿಕೊಳ್ತಾರೆ. ಫಿಟ್ಟಿಂಗ್ ನಿಜವಾಗಿ ಬೇಕಾದದ್ದು ಅವರಿಗೆ. ಅದು ಸಿಗೋದು ಮಾತ್ರ ಪ್ರತಿ ವರ್ಷ ಡ್ರೈವರ್ ಬದಲಿಸೋ ಮಂದಿಗೆ.

ಆ ದಿನ ಕೊಳ್ಳಲಿಲ್ಲ. ಹುಡುಗ ಮುಖ ದಪ್ಪ ಮಾಡಿಕೊಂಡ, ಎರಡು ದಿನ ಮಾತಿಲ್ಲ. ಮೂರನೇ ದಿನ ಕೋಲು ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದ. ಅವರು ಮೊದಲು ಬೆವರು ಬರೋತನಕ ಹೊಡೆಸಿದರು. ಆಮೇಲೆ ಹಳೇದರಿಂದ ಎರಡು, ಒಬ್ಬರಿಂದ ಕೇಳಿ ತಂದಿದ್ದ ಹೊಸ ಮಾದರಿಯಿಂದ ಎರಡು, ಹೀಗೆ ಪಾಳಿ ಪ್ರಕಾರ. ಹದಿನಾಲ್ಕು ಗಜ ಹೋಗಿ ನಾಲ್ಕಕ್ಕೆ ಬಂತು. ಪೌಡರ್ ಬಳಿದು ನೋಡಿದರೆ ಗುರುತೆಲ್ಲ ಹಿಮ್ಮಡಿ ಕಡೆಗೆ, ಕೆಳಗೆ. "ಕೋಲು ಉದ್ದ ಆಗೇತಪಾ ನಿನಗ" ಅಂದರು. ಅವರೂ ನಮ್ಮ ಕಡೆಯವರೇ!

ಗ್ರಿಪ್ ಬಿಚ್ಚಿ, ಹಿಡಿಕೆಯ ಕಡೆಯಿಂದ ಒಂದು ಇಂಚು ಕತ್ತರಿಸಿದರು. ಹಾಗೆ ಕತ್ತರಿಸಿದರೆ ತಲೆ ಹಗುರ ಅನಿಸ್ತದಂತೆ, ಅದಕ್ಕೇ ತಳಕ್ಕೆ ಸೀಸದ ಟೇಪು ಅಂಟಿಸಿದರು. ಕತ್ತಿನ ಸ್ಕ್ರೂ ತಿರುಗಿಸಿ ಲಾಫ್ಟ್ ಒಂದು ಡಿಗ್ರಿ ಏರಿಸಿದರು. ಹಾಗೆ ಏರಿಸಿದಾಗ ಮುಖವೂ ತುಸು ಒಳಕ್ಕೆ ತಿರುಗ್ತದೆ, ಬಲಕ್ಕೆ ಓಡುತ್ತಿದ್ದ ಚೆಂಡಿಗೆ ಅದೂ ಬೇಕಿತ್ತು. ಪ್ರತಿ ಸಲ ಕೈಗೆ ಕೊಟ್ಟು "ಹೊಡಿ" ಅಂತಿದ್ದರು. ನನಗೆ ಬಡಿಗೇರ ಅಜ್ಜ ನೆನಪಾದ. ದೂರ ದೊಡ್ಡದಾಗೇನೂ ಹೆಚ್ಚಲಿಲ್ಲ. ಆದರೆ ಹತ್ತರಲ್ಲಿ ಐದು ಚೆಂಡು ಫೇರ್‌ವೇ ಬಿಡುತ್ತಿದ್ದವನದು ಎರಡಕ್ಕೆ ಇಳೀತು.

ಖರ್ಚಾದದ್ದು ಹೊಸ ಗ್ರಿಪ್ಪು, ಟೇಪು, ಅವರ ಕೂಲಿ. ಉಳಿದ ರೊಕ್ಕ ಎಂಟ್ರಿ ಫೀಗೆ ಅಂತ ಎತ್ತಿಟ್ಟಾನ. ಹೊಸಾದು ಮುಂದಿನ ಸುಗ್ಗಿಗೆ ನೋಡೂಣು ಅಂದೀನಿ, ಹೂಂ ಅಂದಾನ. ಆ ಅಂಗಡಿಯ ಚೀಟಿ ಮಾತ್ರ ಇನ್ನೂ ಅವನ ಪಾಕೀಟಿನಾಗ ಐತಿ.