ಚಿತ್ರಕಾವ್ಯವೆಂಬ ಬೈಗುಳ

ಡೆಮೊಸೀನ್ ಎಂಬ ಕಂಪ್ಯೂಟರ್ ಕಲೆಯ ಮಾತು ಬಂದರೆ ನಮ್ಮ ಸಾಹಿತ್ಯದ ಮಂದಿ ಒಂದೇ ತೀರ್ಪು ಕೊಡುತ್ತಾರೆ: ‘ಅದೆಲ್ಲ ಚಿತ್ರಕಾವ್ಯ ಬಿಡ್ರಿ, ಬರೀ ಕಸರತ್ತು.’ ಈಚೆಗೆ ಚಿಕ್ಕೋಡಿಯ ಗೋಷ್ಠಿಯೊಂದರಲ್ಲಿ ಈ ಮಾತಿಗೆ ಚಪ್ಪಾಳೆಯೂ ಬಿತ್ತು. ಕಾವ್ಯಮೀಮಾಂಸಕ ಆನಂದವರ್ಧನ ಬರೀ ಚಮತ್ಕಾರಕ್ಕೆ ಕಟ್ಟಿದ ‘ಚಿತ್ರ’ವನ್ನು ಕಾವ್ಯದ ಅನುಕರಣೆ ಎಂದ, ಮಮ್ಮಟ ಕೊನೆಯ ದರ್ಜೆಗೆ ಇಳಿಸಿದ. ಅದೇ ಮೊಹರನ್ನು ಕಂಪ್ಯೂಟರ್ ಕಲೆಯ ಮೇಲೂ ಒತ್ತಿಬಿಟ್ಟರೆ ಕೃತಿಯನ್ನು ನೋಡುವ ತೊಂದರೆಯೇ ಇಲ್ಲ.

ನೋಡಿದವರಿಗಾದರೂ ಗೊತ್ತಿರಬೇಕು. ಎಂಬತ್ತರ ದಶಕದಲ್ಲಿ ಯುರೋಪಿನ ಹುಡುಗರು ಕಾಮೊಡೋರ್ 64 ಕಂಪ್ಯೂಟರಿನ ಆಟಗಳ ಬೀಗ ಮುರಿದು ಹಂಚುವಾಗ, ತಮ್ಮ ಗುಂಪಿನ ಹೆಸರು ಮೆರೆಸುವ ಪುಟ್ಟ ಪೀಠಿಕೆಯೊಂದನ್ನು ಮುಂದೆ ಜೋಡಿಸುತ್ತಿದ್ದರು. ಬರಬರುತ್ತ ಆಟ ಕಳಚಿಬಿತ್ತು, ಪೀಠಿಕೆಯೇ ‘ಡೆಮೊ’ ಎಂಬ ಕೃತಿಯಾಯಿತು. ಚಿತ್ರವನ್ನೂ ನಾದವನ್ನೂ ಯಂತ್ರ ಆ ಗಳಿಗೆಗೇ ಲೆಕ್ಕ ಹಾಕಿ ಹುಟ್ಟಿಸಬೇಕು, ಅದೂ ಗೊತ್ತುಪಡಿಸಿದ ಗಾತ್ರದೊಳಗೆ. 2020ರಲ್ಲಿ ಫಿನ್ಲೆಂಡ್, ಮರುವರ್ಷ ಜರ್ಮನಿ ಈ ಡೆಮೊಸೀನನ್ನು ತಮ್ಮ ಪರಂಪರೆಯ ಪಟ್ಟಿಗೆ ಸೇರಿಸಿದವು.

ಕಸರತ್ತು ಎಂಬ ತೀರ್ಪಿಗೆ ತಕ್ಕ ಕೃತಿಯೇ ಇಲ್ಲವೆಂದಲ್ಲ. ಎಲ್ಲರೂ ಶಿಖರವೆಂದು ಬೆರಳು ಮಾಡುವ ‘ಸೆಕೆಂಡ್ ರಿಯಾಲಿಟಿ’ ನನ್ನ ಮಟ್ಟಿಗೆ ಅಂಥದ್ದು. ಫ್ಯೂಚರ್ ಕ್ರೂ ತಂಡ 1993ರಲ್ಲಿ ಫಿನ್ಲೆಂಡಿನ ಅಸೆಂಬ್ಲಿ ಸ್ಪರ್ಧೆಯಲ್ಲಿ ಗೆದ್ದದ್ದು ಇದರಿಂದಲೇ. ಹಡಗು ಹಾರಿತು, ಚುಕ್ಕಿ ಕುಣಿಯಿತು, ಬಣ್ಣ ಅಲೆಯಾಡಿತು, ಮುಂದಿನದು ಬಂತು. ಒಂದಕ್ಕೊಂದು ಸಂಬಂಧವಿಲ್ಲದ ಈ ಮೆರವಣಿಗೆಯನ್ನು ಹಿಡಿದು ನಿಲ್ಲಿಸಿದ್ದು ಅದರ ಸಂಗೀತ ಮಾತ್ರ.

ನನ್ನ ಪಕ್ಷ ಬೇರೆ. ಸ್ವೀಡನ್ನಿನ ಲಿನಸ್ ಓಕೆಸನ್ 2017ರಲ್ಲಿ ಜರ್ಮನಿಯ ರಿವಿಷನ್ ಮೇಳಕ್ಕೆ ‘ಎ ಮೈಂಡ್ ಈಸ್ ಬಾರ್ನ್’ ತಂದ. ಕಾಮೊಡೋರ್ 64ರ ಮೇಲೆ ನಡೆಯುವ ಇಡೀ ಕೃತಿ 256 ಬೈಟ್. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು, ಒತ್ತಕ್ಷರ, ಗುಣಿತಕ್ಕೆ ಮತ್ತಷ್ಟು. ಇಷ್ಟು ಜಾಗದಲ್ಲಿ ಒಂದು ಕಂದಪದ್ಯ ಹಿಡಿಸುವುದೂ ಕಷ್ಟ. ಅಲ್ಲಿ ಆತ ಎರಡು ನಿಮಿಷಕ್ಕೂ ಮಿಕ್ಕ ಹಾಡು ಹಿಡಿಸಿದ್ದಾನೆ, ಜೊತೆಗೆ ಚಿತ್ರವನ್ನೂ. ಆ ಯಂತ್ರದಲ್ಲಿ ನಾದ ಹುಟ್ಟಿಸುವ ಸಿಡ್ ಚಿಪ್ಪಿಗೆ ಇರುವುದು ಮೂರೇ ಕಂಠ: ಏಟು ಹಾಕುವ ಮಂದ್ರ, ತಂಬೂರಿಯಂತೆ ಬಿಡದೆ ಹಿಡಿದ ಶ್ರುತಿ, ಮೇಲೆ ಅಲೆಯುವ ರಾಗ. ರಾಗವನ್ನು ಎಲ್ಲೂ ಬರೆದಿಟ್ಟಿಲ್ಲ. ಒಂದು ಸಂಖ್ಯೆಯ ಬಿಟ್‌ಗಳನ್ನು ಸರಿಸುತ್ತ, ತಿರುಚುತ್ತ ಹೋಗುವ ಲೆಕ್ಕವೇ ಮುಂದಿನ ಸ್ವರವನ್ನು ಎತ್ತಿಕೊಡುತ್ತದೆ. ಪರದೆಯ ಮೇಲೂ ಹಾಗೆಯೇ: ಪಕ್ಕದ ಮನೆ ನೋಡಿ ಈ ಮನೆ ತುಂಬು ಎಂಬ ಪುಟ್ಟ ನಿಯಮದಿಂದ ವಿನ್ಯಾಸ ಬೆಳೆಯುತ್ತ ಹೋಗುತ್ತದೆ. ಇಂಥ ಲೆಕ್ಕಗಳು ಎಷ್ಟಾದರೂ ಸಿಗುತ್ತವೆ, ಹೆಚ್ಚಿನವು ಕಿವಿಗೆ ಕರಕರೆ. ಯಾವುದು ಹಾಡು ಎಂದು ಆರಿಸುವುದಕ್ಕೆ ಮನುಷ್ಯನ ಕಿವಿಯೇ ಬೇಕು. ಇದು ರಸವಲ್ಲದಿದ್ದರೆ ಯಾವುದು ರಸ?

ಓಕೆಸನ್ ಬರೀ ಲೆಕ್ಕಿಗನೂ ಅಲ್ಲ. ಎರಡು ಹಳೆಯ ಕಾಮೊಡೋರ್‌ಗಳ ನಡುವೆ ಫ್ಲಾಪಿಗಳನ್ನು ಅಂಟಿಸಿ ತಿದಿ ಮಾಡಿ, 2022ರಲ್ಲಿ ಅಕಾರ್ಡಿಯನ್ ಕಟ್ಟಿ ನುಡಿಸಿದ. ಯಂತ್ರ ಅವನಿಗೆ ಪೇಟಿ ಇದ್ದ ಹಾಗೆ.

ಕಟ್ಟುಪಾಡೇ ದೋಷವೆನ್ನುವವರು ನಮ್ಮ ಕಾವ್ಯವನ್ನಾದರೂ ಬಿಚ್ಚಿ ನೋಡಲಿ. ಪಂಪ ಪದ್ಯಪದ್ಯಕ್ಕೂ ದ್ವಿತೀಯಾಕ್ಷರ ಪ್ರಾಸ ಹಿಡಿದ. ಅದು ಬೇಡವೆಂದು ಗೋವಿಂದ ಪೈಗಳು ಕೈಬಿಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಲ್ಲಿಯವರೆಗಿನ ಕವಿಗಳನ್ನೆಲ್ಲ ಯಾರೂ ದೊಂಬರಾಟದವರೆನ್ನಲಿಲ್ಲ. ಪ್ರಾಸಕ್ಕೆ ಕೊಟ್ಟ ರಿಯಾಯಿತಿ ಬೈಟಿಗೆ ಏಕಿಲ್ಲ?

ಕಾರಣ ಕಾವ್ಯಮೀಮಾಂಸೆಯಲ್ಲಿಲ್ಲ. ಕಂಪ್ಯೂಟರ್ ನಮ್ಮಲ್ಲಿಗೆ ಬಂದ ಬಗೆಯಲ್ಲಿದೆ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಯೋಜನೆ ಹೂಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಕೊಟ್ಟಿತು. ಯುರೋಪಿನ ಹುಡುಗನಿಗೆ ಯಂತ್ರ ಮಲಗುವ ಕೋಣೆಯಲ್ಲಿತ್ತು, ರಾತ್ರಿಯಿಡೀ ಕೆದಕಬಹುದಿತ್ತು. ನಮ್ಮ ಕಡೆ ಲ್ಯಾಬಿನ ಹೊರಗೆ ಚಪ್ಪಲಿ ಬಿಡಬೇಕು, ಯಂತ್ರಕ್ಕೆ ಬಟ್ಟೆಯ ಮುಸುಕು, ಬೀಗದ ಕೈ ಮಾಸ್ತರರ ಜೇಬಿನಲ್ಲಿ, ಪಾಳಿ ಬಂದಾಗ ಅರ್ಧ ತಾಸು. ನೌಕರಿ ಕೊಡಿಸುವ ದೇವರಂತೆ ಬಂದದ್ದರ ಜೊತೆ ಯಾರು ಆಟವಾಡುತ್ತಾರೆ? ರಾಯಬಾಗದ ಹುಡುಗರಿಗೇನು ಬುದ್ಧಿ ಕಡಿಮೆಯಿರಲಿಲ್ಲ, ಕೆಡಿಸಲಿಕ್ಕೆ ಸ್ವಂತದ್ದೊಂದು ಯಂತ್ರ ಇರಲಿಲ್ಲ.

ಇದರ ಹಿಂದೆ ಇನ್ನೂ ಹಳೆಯ ರೋಗವಿದೆ: ಕೈಯಿಂದ ಮಾಡಿದ್ದನ್ನೆಲ್ಲ ‘ಕೈಚಳಕ’ ಎಂದು ಹೊಗಳಿ ಕಲೆಯ ಪಂಕ್ತಿಯಿಂದ ಎಬ್ಬಿಸುವುದು. ಅಥಣಿ, ನಿಪ್ಪಾಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಊರೂರು ತಿರುಗಿತು. 2019ರ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲು ಸಿಕ್ಕಿತು. ನಮ್ಮ ವಿಮರ್ಶಕರ ಪುಟಗಳಲ್ಲಿ ಆ ಮೋಚಿಗೆ ಇನ್ನೂ ಪಾಲಿಲ್ಲ. ಕಾಗವಾಡದ ಕಡೆಯವರು ಬೆಳಗಿನತನಕ ಕೂತು ನೋಡುವ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ, ದೂತಿಯರ ಮಾತಿನ ಚಕಮಕಿಯೂ ಈ ವಿಮರ್ಶಕರಿಗೆ ಬರೀ ರಂಜನೆ. ಮಾಡುವುದು ಹೇಗೆಂದು ತಿಳಿಯದವನಿಗೆ ಮಾಡಿದ್ದರ ಬೆಲೆ ಕಟ್ಟುವ ಹಕ್ಕೂ ಇಲ್ಲವೆಂದು ನಾನು ನಂಬಿದ್ದೇನೆ. ಡೆಮೊ ಚಿತ್ರಕಾವ್ಯವೇ ಹೌದು. ತಪ್ಪಿರುವುದು ಚಿತ್ರಕಾವ್ಯಕ್ಕೆ ನಾವು ಕಟ್ಟಿದ ದರ್ಜೆಯಲ್ಲಿ. ಅದನ್ನು ತಿದ್ದಲೊಪ್ಪದವರು ಮೊದಲು ಪಂಪನ ಪ್ರಾಸವನ್ನು ಕಟಕಟೆಗೆ ಕರೆಯಲಿ.