262 ಗಂಡಸರು

ನಮ್ಮ ಅತ್ತೆಯವರು ತಾಳ್ಯದಲ್ಲಿ ಬಿ.ಪಿ. ಮಾತ್ರೆ ಬಿಟ್ಟು ಯಾರೋ ಕೊಟ್ಟ ಚೂರ್ಣ ಹಿಡಿದಾಗ ನಾನು ಜಗಳವಾಡಿದ್ದೆ. "ಬೇರು ನಾರಿನಿಂದ ಏನು ಕೆಡ್ತದೆ ಬಿಡವ್ವ" ಎಂದರು. ತಿಂಗಳೊಳಗೆ ತಲೆ ಸುತ್ತಿ ಹಿತ್ತಲಲ್ಲಿ ಬಿದ್ದರು. ಆ ಸಿಟ್ಟಿನಲ್ಲೇ ನಾನು ಎಂ.ಎಸ್. ವಲಿಯತ್ತಾನ್ ಅವರ ‘ದ ಲೆಗಸಿ ಆಫ್ ಚರಕ’ (2003) ಓದಲು ಕುಳಿತದ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು.

ವಲಿಯತ್ತಾನ್ ಹೃದಯದ ಶಸ್ತ್ರವೈದ್ಯರು. 1990ರಲ್ಲಿ ಮೊದಲು ರೋಗಿಗೆ ಅಳವಡಿಸಿದ ‘ಚಿತ್ರಾ’ ಕವಾಟ ಅವರ ತಂಡದ್ದು. ಮಣಿಪಾಲದಲ್ಲಿ ಕುಲಪತಿಯಾಗಿದ್ದರು, 2024ರಲ್ಲಿ ತೀರಿಕೊಂಡರು. ಅಂಥವರು ಚರಕನನ್ನು ಪೂಜೆಗೂ ಕೂರಿಸದೆ, ಅಣಕಿಸಲೂ ಹೋಗದೆ, ಚದುರಿದ ವಿಷಯಗಳನ್ನು ಒಂದೆಡೆ ಜೋಡಿಸಿ ಕೊಟ್ಟಿದ್ದಾರೆ. ಅದು ನನಗೆ ಹಿಡಿಸಿತು.

ಆದರೆ ಅವರೂ ಸೇರಿ 2015ರಲ್ಲಿ ಪ್ರಕಟಿಸಿದ ಸಂಶೋಧನೆಯ ಬಗ್ಗೆ ನನ್ನದೊಂದು ತಕರಾರಿದೆ. ವಾತ, ಪಿತ್ತ, ಕಫ ಪ್ರಕೃತಿಗಳಿಗೆ ವಂಶವಾಹಿಯಲ್ಲಿ ಗುರುತು ಇದೆಯೇ ಎಂದು ಹುಡುಕಿದರು. 3416 ಜನರನ್ನು ನೋಡಿ 262 ಮಂದಿಯನ್ನು ಆರಿಸಿದರು. 52 ಕಡೆ ವ್ಯತ್ಯಾಸ ಸಿಕ್ಕಿತು. ಶ್ರದ್ಧೆಯ ಕೆಲಸವೇ ಸರಿ. ಆದರೆ ಆ 262 ಮಂದಿಯೂ ಗಂಡಸರು! ಮುಟ್ಟು, ಬಸಿರು, ಬಾಣಂತನ ದಾಟಿದ ನಮ್ಮ ಮೈಯ ಲೆಕ್ಕ ಯಾರು ಇಟ್ಟರು? ಇನ್ನೊಂದು ಮಾತು. ಪ್ರಕೃತಿಯ ಗುರುತು ಸಿಕ್ಕಿದ ಮಾತ್ರಕ್ಕೆ ಚೂರ್ಣದಿಂದ ಬಿ.ಪಿ. ಇಳಿಯುತ್ತದೆಂದು ಆಗಲಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಪೇಟೆಯಲ್ಲಿ ಡಬ್ಬಿ ಮಾರುವವರು ಇವೆರಡನ್ನೂ ಬೆರೆಸಿಬಿಡುತ್ತಾರೆ.

ತಿಳಿಯದೆ ಕೊಟ್ಟರೆ ಔಷಧವೂ ವಿಷವಾಗುತ್ತದೆಂದು ಚರಕನೇ ಹೇಳಿದ್ದಾನೆ. ಅದನ್ನು ಅತ್ತೆಗೆ ಹೇಳಿದೆ.

"ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದು ಮಾತ್ರೆಗೆ ಕೈ ನೀಡಿದರು.